ಪಟಕ್ಕೆ ಸಿಗದ ಗುಡ್ಡ: ಕಾರವಾರದಿಂದ ಹೊನ್ನಾವರಕ್ಕೆ ಒಂದು ದಿನದ ತಿರುಗಾಟ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವು ಮೂವರೂ ಬೇರೆ ಬೇರೆ ಊರುಗಳಲ್ಲಿದ್ದೆವು. ಹೆದ್ದಾರಿ ಪಕ್ಕದ ಚಹಾ ಅಂಗಡಿ, ಅದರೊಳಗಿದ್ದ ಮನೆಮಂದಿ, ಅಲ್ಲಿ ನಿಲ್ಲಿಸಿದ್ದ ವಾಹನಗಳು ಮಣ್ಣಿನಡಿ ಹೋದವು. ಮಣ್ಣು ಗಂಗಾವಳಿ ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ, ಪತ್ರಿಕೆಯಲ್ಲಿ ಕೆಲಸ ಮಾಡುವ ನಮ್ಮ ಸಹಪಾಠಿಯೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ: ‘ಆ ಗುಡ್ಡದ ಹಳೆಯ ಫೋಟೋ ಇದ್ರೆ ಕಳಿಸ್ರೋ. ಬೀಳೂದಕ್ಕಿಂತ ಮುಂಚಿಂದು.’

ಇಲ್ಲದೆ ಏನು ಎಂದುಕೊಂಡೆವು. ಕಾಲೇಜು ದಿನಗಳಿಂದ ಆ ದಾರಿಯಲ್ಲಿ ಬೈಕು ಓಡಿಸಿದವರು ನಾವು. ಗಂಗಾವಳಿ ದಂಡೆಯಲ್ಲಿ ನಿಂತು ಫೋಟೋ ತೆಗೆಯದೆ ಮುಂದೆ ಹೋದದ್ದೇ ಇಲ್ಲ. ಹಾರ್ಡ್ ಡಿಸ್ಕ್ ತೆರೆದು ಹುಡುಕಿದೆವು. ಹೊಳೆಯ ಮೇಲಿನ ಮಂಜು ಇತ್ತು, ದೋಣಿ ಇತ್ತು, ಆಚೆ ದಡದ ತೆಂಗಿನ ಸಾಲು ಇತ್ತು, ಮಳೆಗಾಲದ ಕೆಂಪು ನೀರು ಇತ್ತು. ಗುಡ್ಡದ್ದು ಮಾತ್ರ ಒಂದೂ ಇರಲಿಲ್ಲ. ಕಾರಣ ಸರಳ. ಅಲ್ಲಿ ರಸ್ತೆಯ ಒಂದು ಬದಿ ಹೊಳೆ, ಇನ್ನೊಂದು ಬದಿ ಗುಡ್ಡ. ಹೊಳೆಯ ಫೋಟೋ ತೆಗೆಯುವಾಗ ಗುಡ್ಡ ಯಾವಾಗಲೂ ನಮ್ಮ ಬೆನ್ನ ಹಿಂದೆ ಇರುತ್ತಿತ್ತು. ಚತುಷ್ಪಥಕ್ಕಾಗಿ ಅದರ ಬುಡ ಕತ್ತರಿಸಿದ್ದು, ಕತ್ತರಿಸಿದ ಜಾಗ ಮಳೆಯಿಂದ ಮಳೆಗೆ ಬಾಯಿ ಬಿಡುತ್ತಾ ಹೋದದ್ದು, ಎಲ್ಲವೂ ನಮ್ಮ ಬೆನ್ನ ಹಿಂದೆಯೇ ನಡೆಯಿತು.

ಪತ್ರಿಕೋದ್ಯಮ ಓದಿದ ಮೂವರಿಗೆ ಇದು ನಾಚಿಕೆಯ ವಿಷಯ. ಅಂದಿನಿಂದ ಒಂದು ಪ್ರಶ್ನೆ ಉಳಿದುಕೊಂಡಿತು: ಇಷ್ಟು ವರ್ಷ ನಾವು ತೆಗೆದದ್ದಾದರೂ ಏನನ್ನು? ಉತ್ತರ ಹುಡುಕಲು ಹಳೆಯ ದಾರಿಯನ್ನೇ ಮತ್ತೊಮ್ಮೆ ಹಿಡಿದೆವು. ಕಾರವಾರದಿಂದ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರ್, ಬೆಳಿಗ್ಗೆ ಆರಕ್ಕೆ ಹೊರಟರೆ ನಿಂತು ನಿಂತು ಹೋದರೂ ಸಂಜೆಗೆ ಮುಗಿಯುವ ದಾರಿ. ಈ ಸಲ ಕ್ಯಾಮೆರಾದ ಜೊತೆ 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್‌ನ ಕೆನರಾ ಸಂಪುಟದಿಂದ ಮಾಡಿಕೊಂಡ ಟಿಪ್ಪಣಿಗಳೂ ಇದ್ದವು.

ಕಾರವಾರ: ಖಾಲಿ ಕಡಲತಡಿಯ ಹಿಂದಿನ ಗದ್ದಲ

ಕಾರವಾರದ ಕಡಲತಡಿಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನ ರವೀಂದ್ರರು ಬಂದು ಕೆಲಕಾಲ ಇದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಇಲ್ಲಿಯೇ. ಅರ್ಧಚಂದ್ರದಂಥ ತೀರ, ಗಾಳಿ ಮರಗಳ ತೋಪು, ಬೆಳದಿಂಗಳಲ್ಲಿ ಕಾಳಿ ಹೊಳೆಯ ದೋಣಿ ಪಯಣ ಎಲ್ಲವನ್ನೂ ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ನಾವೆಲ್ಲ ಇಂದು ಮೊಬೈಲಿನಲ್ಲಿ ತೆಗೆಯುವುದೂ ಹೆಚ್ಚುಕಡಿಮೆ ಅದೇ ಕಾರವಾರವನ್ನು.

ಅದೇ ಕಾಲಕ್ಕೆ ಅಚ್ಚಾದ ಗೆಜೆಟಿಯರ್‌ನ ಕಾರವಾರ ಬೇರೆ. ಅಲ್ಲಿ ಬಂದರು, ಹಡಗು, ಸುಂಕ, ಸರಕುಗಳದ್ದೇ ಮಾತು. ಎರಡೂ ನಿಜ. ಆದರೆ ಮೊದಲನೆಯದು ನಮ್ಮ ಕಣ್ಣಲ್ಲಿ ಉಳಿಯಿತು, ಎರಡನೆಯದು ಅಳಿಸಿಹೋಯಿತು.

ಕಾರವಾರ ಜಿಲ್ಲಾ ಕೇಂದ್ರವಾದದ್ದೇ ಹತ್ತಿಯ ಕಾರಣಕ್ಕೆ. 1862ರವರೆಗೆ ಕೆನರಾ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹತ್ತಿ ಘಟ್ಟ ಇಳಿದು ಕಡಲು ಸೇರಲು ಒಳ್ಳೆಯ ಬಂದರು ಬೇಕು, ಅದು ತಮ್ಮ ಪ್ರಾಂತ್ಯದಲ್ಲೇ ಇರಬೇಕು ಎಂದು ಮುಂಬಯಿಯ ವರ್ತಕರು ಒತ್ತಾಯಿಸಿದರು. ಉತ್ತರ ಕೆನರಾ ಮುಂಬಯಿಗೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ಮತ್ತೆ ಒಂದೇ ರಾಜ್ಯಕ್ಕೆ ಸೇರುವವರೆಗೆ ಒಂದೇ ಕರಾವಳಿಯ ಈ ಎರಡು ತುಂಡುಗಳು ಬೇರೆ ಬೇರೆ ರಾಜಧಾನಿಗಳತ್ತ ಮುಖ ಮಾಡಿ ನಿಂತಿದ್ದವು. ಕಾರವಾರದೆದುರಿನ ದೇವಗಡ ನಡುಗಡ್ಡೆಯ ದೀಪಸ್ತಂಭವೂ 1860ರ ದಶಕದ್ದೇ. ಸೂರ್ಯಾಸ್ತದ ಫೋಟೋದಲ್ಲಿ ಅಂದಕ್ಕೆಂದು ನಾವು ಸೇರಿಸಿಕೊಳ್ಳುವ ಆ ಚುಕ್ಕಿ, ಬರಬೇಕಿದ್ದ ಹಡಗುಗಳಿಗಾಗಿ ಹಚ್ಚಿದ ದೀಪ.

ಹಡಗುಗಳು ನಿರೀಕ್ಷಿಸಿದಷ್ಟು ಬರಲಿಲ್ಲ. ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಓಡತೊಡಗಿದ ಮೇಲೆ ಬಂಡಿಗಳು ಘಟ್ಟ ಇಳಿಯುವ ಕಾರಣವೇ ಕಡಿಮೆಯಾಯಿತು. ಕಾರವಾರಕ್ಕೆ ರೈಲು ಬರಲು ಮತ್ತೆ ನೂರು ವರ್ಷ ಬೇಕಾಯಿತು. ಕೊಂಕಣ ರೈಲ್ವೆ ಪೂರ್ತಿಯಾಗಿ ಲೋಕಾರ್ಪಣೆಯಾದದ್ದು 1998ರ ಜನವರಿ 26ರಂದು. ಕವಿ ಮೆಚ್ಚಿದ ಗಾಳಿ ಮರಗಳೂ ಈ ಮಣ್ಣಿನವಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲಿ ಹೊರಗಿನಿಂದ ತಂದು ನೆಟ್ಟವು. ನಾವು ‘ಪ್ರಶಾಂತ’ ಎಂದು ಅಡಿಬರಹ ಕೊಡುವ ಖಾಲಿತನ ವ್ಯಾಪಾರ ಬಿಟ್ಟುಹೋದ ಬಂದರಿನ ಖಾಲಿತನವೂ ಹೌದು.

ಕಾಳಿ ಹೊಳೆಯ ಸೇತುವೆಯ ಹತ್ತಿರ ನಿಂತೆವು. ಆಚೆ ಸದಾಶಿವಗಡ, ಸೋದೆಯ ಅರಸರು 18ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕೋಟೆಯ ಗುಡ್ಡ. ಶಿರೂರಿನ ಗುಡ್ಡ ಕುಸಿದು ಮೂರು ವಾರವಾಗುವಷ್ಟರಲ್ಲಿ, 2024ರ ಆಗಸ್ಟ್ 7ರ ನಡುರಾತ್ರಿ, ಇಲ್ಲಿಯ ಹಳೆಯ ಸೇತುವೆ ಹೊಳೆಗೆ ಕುಸಿಯಿತು. ಜೊತೆಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದರು. ಅದೃಷ್ಟಕ್ಕೆ ಈ ಸೇತುವೆಯ ಹಳೆಯ ಫೋಟೋಗಳು ನಮ್ಮಲ್ಲಿದ್ದವು. ಯಾವೊಂದರಲ್ಲೂ ತಾರೀಕು ಬರೆದಿರಲಿಲ್ಲ. ಒಂದರಲ್ಲಿ ಕಂಬದ ಬಿರುಕಿನಂಥ ಗೆರೆಯೊಂದು ಕಾಣುತ್ತದೆ. ಅದು ಬಿರುಕೋ, ನೀರಿನ ಕಲೆಯೋ, ಯಾವ ವರ್ಷದ್ದೋ ಹೇಳುವ ಸ್ಥಿತಿಯಲ್ಲಿ ನಾವಿಲ್ಲ.

ಅರ್ಗಾ: ತೆಗೆಯಲಾಗದ ಫೋಟೋ

ಕಾರವಾರ ದಾಟಿ ದಕ್ಷಿಣಕ್ಕೆ ಬಂದರೆ ಬಿಣಗಾ, ಅರ್ಗಾ. ಘಟ್ಟದ ಕಾಲು ಕಡಲಿಗೇ ಇಳಿಯುವ ಜಾಗ ಇದು. ಇಲ್ಲಿ ಕ್ಯಾಮೆರಾ ಚೀಲದೊಳಗೇ ಇರಬೇಕು. ‘ಸೀಬರ್ಡ್’ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ‘ಐಎನ್‌ಎಸ್ ಕದಂಬ’ ಕಾರ್ಯಾರಂಭ ಮಾಡಿತು. ನಡುವಿನ ವರ್ಷಗಳಲ್ಲಿ ಇಲ್ಲಿಯ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುತ್ತಿದ್ದ ಬೇಲೆ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಹೋದವು. ಹೆಚ್ಚಿನ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದವು.

ನಮ್ಮ ಗೆಳತಿಯೊಬ್ಬಳ ತವರು ಆ ಕಡೆಯದು. ಅವಳ ಅಮ್ಮನ ಮದುವೆಯ ಆಲ್ಬಂ ನೋಡಲು ಹೋಗಿದ್ದೆವು. ಮನೆಯ ಅಂಗಳದಲ್ಲಿ ಚಪ್ಪರದ ಕೆಳಗೆ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದ ಒಂದು ಪಟ. ಬಲತುದಿಯಲ್ಲಿ, ಚಪ್ಪರದ ಕಂಬದಾಚೆ ಬಿಳಿ ಮರಳಿನ ಒಂದು ಚೂರು, ಅದರ ಮೇಲೆ ಮಗುಚಿ ಹಾಕಿದ ದೋಣಿ. ಆ ಬೇಲೆಯ ಪಟ ಆ ಮನೆಯಲ್ಲಿ ಇರುವುದು ಅದೊಂದೇ. ‘ಮನೆ ಎದ್ರಿಗೆ ದಿನಾ ಇರುದಾಗಿತ್ತು, ಅದ್ರ ಪಟ ಯಾರು ತೆಗೀತ್ರು?’ ಎಂದರು ಆ ಅಮ್ಮ. ನೆಂಟರ ಪಟ ತೆಗೆಯಲು ಬಂದ ಸ್ಟುಡಿಯೋದವನ ಕ್ಯಾಮೆರಾಕ್ಕೆ ಅರಿಯದೆ ಬಿದ್ದ ಆ ಮೂಲೆಯೇ ಇವತ್ತು ಊರಿನ ದಾಖಲೆ.

ನಾವು ಚೆಂದದ ನೋಟವನ್ನು ಹುಡುಕಿಕೊಂಡು ದೂರ ಹೋಗುತ್ತೇವೆ. ಅಂಗಳದ ಮುಂದಿನದ್ದು ಎಂದೂ ಇರುತ್ತದೆ ಎಂದು ನಂಬಿರುತ್ತೇವೆ.

ಅಂಕೋಲಾ: ಉಪ್ಪು, ಹೆಸರು, ಮಣಿಸರ

ಅಂಕೋಲೆಯಲ್ಲಿ ತಿಂಡಿ ತಿಂದೆವು. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ಊರು ಇದು. ಎಂ.ಪಿ. ನಾಡಕರ್ಣಿಯವರು ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಬೆನ್ನಲ್ಲೇ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ ಕರನಿರಾಕರಣೆ ಚಳವಳಿ ನಡೆಯಿತು. ಕಂದಾಯ ಕೊಡದ ರೈತರ ಜಮೀನು ಜಪ್ತಿಯಾಯಿತು, ಪಾತ್ರೆಪಗಡೆ ಹರಾಜಾಯಿತು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಹಾಗೆ. ಕಡಲತಡಿಯಲ್ಲಿ ಗಾಳಿಪಟ, ಒಂಟೆ ಸವಾರಿಯ ಫೋಟೋ ತೆಗೆಯುವ ನಮ್ಮಂಥವರು ಅಲ್ಲಿ ಒಂದು ಹಿಡಿ ಉಪ್ಪಿಗಾಗಿ ಜನ ಲಾಠಿಗೆ ಮೈಕೊಟ್ಟು ನಿಂತಿದ್ದರು ಎಂಬುದನ್ನು ನೆನೆಯುವುದು ಕಡಿಮೆ.

ಸಂತೆಯಲ್ಲಿ ಹಾಲಕ್ಕಿ ಹೆಂಗಸರು ತರಕಾರಿ ಹರವಿಕೊಂಡು ಕೂತಿದ್ದರು. ಹೊರಗಿನಿಂದ ಬಂದವರ ಕ್ಯಾಮೆರಾ ಅವರ ಕೊರಳಿನ ಕರಿಮಣಿ ಸರಗಳತ್ತ ತಾನಾಗಿಯೇ ತಿರುಗುತ್ತದೆ. ನಮ್ಮದೂ ತಿರುಗಿದೆ. ಹಳೆಯ ಕಡತದಲ್ಲಿ ‘ಹಾಲಕ್ಕಿ ಮಹಿಳೆ, ಅಂಕೋಲಾ’ ಎಂಬ ಅಡಿಬರಹದ ಫೋಟೋಗಳು ಬೇಕಾದಷ್ಟಿವೆ. ಹೆಸರಿರುವುದು ಒಂದಕ್ಕೂ ಇಲ್ಲ. ಇದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಫೋಟೋ ದೇಶವೆಲ್ಲ ಸುತ್ತಿತು. ಅದೇ ಉಡುಗೆ, ಅದೇ ಮಣಿಸರ. ಆದರೆ ಆ ಫೋಟೋಕ್ಕೆ ಹೆಸರಿತ್ತು, ಅವರು ನೆಟ್ಟು ಬೆಳೆಸಿದ ಗಿಡಗಳ ಕಥೆ ಇತ್ತು. ಬಡಗೇರಿಯ ಸುಕ್ರಿ ಬೊಮ್ಮಗೌಡರದ್ದೂ ಹಾಗೆಯೇ. ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು ಅವರು. 2024ರ ಡಿಸೆಂಬರ್‌ನಲ್ಲಿ ತುಳಸಿ ಗೌಡರು ತೀರಿಕೊಂಡರು, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿಯೂ ಹೋದರು. ನಮ್ಮ ಹೆಸರಿಲ್ಲದ ಫೋಟೋಗಳಲ್ಲಿರುವ ಹೆಂಗಸರಿಗೆ ಏನೇನು ಗೊತ್ತಿತ್ತೋ, ನಾವು ಕೇಳಲಿಲ್ಲ.

ಸಾಣಿಕಟ್ಟೆ, ಮಿರ್ಜಾನ್: ಕನ್ನಡಿ ನೀರು, ಹಸಿರು ಕೋಟೆ

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಗುತ್ತವೆ. ಫೋಟೋ ತೆಗೆಯುವವರಿಗೆ ಇದು ಹಬ್ಬ. ಚೌಕ ಚೌಕ ಮಡಿಗಳಲ್ಲಿ ಆಕಾಶವೇ ಮಲಗಿದಂತೆ ಕಾಣುತ್ತದೆ. ಆದರೆ ಒಂದೊಂದು ಚೌಕವೂ ಕೈಕೆಲಸ. ಉಬ್ಬರದ ನೀರನ್ನು ಒಳಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಬಿಸಿಲಿಗೆ ಗಟ್ಟಿ ಮಾಡಿ, ಕೊನೆಯ ಮಡಿಯ ನೆಲವನ್ನು ತುಳಿದು ಹದ ಮಾಡಿ, ಕೂಡಿದ ಉಪ್ಪನ್ನು ಎಳೆದು ರಾಶಿ ಹಾಕಬೇಕು. ಮಳೆಗಾಲ ಮುಗಿದ ಮೇಲೆ ಮಡಿ ರಿಪೇರಿ, ಬೇಸಿಗೆಯ ಕೆಲವೇ ತಿಂಗಳು ಉಪ್ಪು, ಮೊದಲ ದೊಡ್ಡ ಮಳೆಗೆ ಎಲ್ಲ ಬಂದ್. ಅಕಾಲದಲ್ಲಿ ಒಂದು ಮಳೆ ಬಂದರೆ ಮಡಿಯಲ್ಲಿದ್ದ ಉಪ್ಪು ಮತ್ತೆ ನೀರು. ಅದೇ ದಿನ ನಮಗೆ ಮೋಡದ ಒಳ್ಳೆಯ ಫೋಟೋ ಸಿಕ್ಕಿರುತ್ತದೆ.

ಪಕ್ಕದ ಅಘನಾಶಿನಿ ಅಳಿವೆಯೂ ಹಾಗೆಯೇ. ಕಾಂಡ್ಲಾ ಗಿಡ, ಬೆಳ್ಳಕ್ಕಿ, ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಅದೇ ಗಜನಿಯಲ್ಲಿ ಮೀನು, ಸಿಗಡಿ. ಸಿಗಡಿ ಸಾಕಣೆಯ ಕೆರೆಗಳು ಬಂದ ಮೇಲೆ ಕಗ್ಗ ಮಾಣಿಕಟ್ಟೆಯಂಥ ಕೆಲವೇ ಕಡೆ ಉಳಿಯಿತು. ಈ ನದಿಗೆ ಅಣೆಕಟ್ಟಿಲ್ಲ. ಅಳಿವೆಯ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಜನ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಇಂದು ನಾವು ‘ಕೈಮುಟ್ಟದ ನಿಸರ್ಗ’ ಎಂದು ಫೋಟೋ ಹಾಕುವ ಜಾಗ ಕೈಮುಟ್ಟದ್ದಲ್ಲ. ಬಳಚು ಹೆಕ್ಕುವ, ಕಟ್ಟೆ ಕಟ್ಟುವ, ಮೆರವಣಿಗೆ ಹೋಗುವ ಕೈಗಳೇ ಅದನ್ನು ಉಳಿಸಿದವು.

ದಡದಲ್ಲಿ ಚಿಪ್ಪು ಬಿಡಿಸುತ್ತಿದ್ದ ಅಜ್ಜಿಯೊಬ್ಬರ ಫೋಟೋ ತೆಗೆಯಬಹುದೇ ಎಂದು ಕೇಳಿದೆವು. ‘ಎಲ್ಲರೂ ಪಟ ತೆಕ್ಕಂಡು ಹೋಗ್ತ್ರು, ಹೆಸ್ರು ಯಾರೂ ಕೇಳೂದಿಲ್ಲ ತಮಾ’ ಎಂದರು. ಕೇಳಿದೆವು. ಹೇಳಿದರು. ಆಮೇಲೆ ಅರ್ಧ ಗಂಟೆ ಯಾವ ಬಳಚು ಎಲ್ಲಿ ಸಿಗುತ್ತದೆ, ಮೊದಲು ಎಷ್ಟು ಸಿಗುತ್ತಿತ್ತು ಎಂದು ಹೇಳಿದರು. ಆ ದಿನದ ಅತ್ಯುತ್ತಮ ಟಿಪ್ಪಣಿ ಅದೇ. ಫೋಟೋ ಮಾತ್ರ ಬಿಸಿಲಿಗೆ ಸುಟ್ಟುಹೋಗಿದೆ.

ಮಿರ್ಜಾನ್ ಕೋಟೆಗೆ ಮಧ್ಯಾಹ್ನ ತಲುಪಿದೆವು. ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆಗಳ ಮೇಲೆಲ್ಲ ಹುಲ್ಲು, ಪಾಚಿ ಹಬ್ಬಿ ಇಡೀ ಕೋಟೆ ಹಸಿರಾಗುತ್ತದೆ. ಮದುವೆಗೆ ಮುಂಚಿನ ಫೋಟೋಶೂಟಿನವರು ಸರತಿಯಲ್ಲಿದ್ದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯೊಂದಿಗೆ ಬೆಸೆದುಕೊಂಡಿದೆ. 16ನೇ ಶತಮಾನದ ಉತ್ತರಾರ್ಧದಲ್ಲಿ ದೀರ್ಘಕಾಲ ಆಳಿದ ಆಕೆಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಹೊಳೆಗುಂಟ ದೋಣಿಯಲ್ಲಿ ಇಳಿದು ಬಂದು ಕಡಲು ಸೇರುತ್ತಿತ್ತು. ಕೋಟೆ ಹೊಳೆಯ ಹತ್ತಿರ ಇರುವುದು ನೋಟಕ್ಕಾಗಿ ಅಲ್ಲ, ಆ ಸರಕಿಗಾಗಿ. ಅಗೆತದಲ್ಲಿ ಇಲ್ಲಿ ಫಿರಂಗಿ ಗುಂಡುಗಳೂ ಚೀನಾದ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಎಲ್ಲಿಯ ಚೀನಾ, ಎಲ್ಲಿಯ ಮಿರ್ಜಾನ್!

ಕುಮಟೆಯಲ್ಲಿ ಚಹಾ ಕುಡಿಯುವಾಗ ಹತ್ತಿಯ ನೆನಪು ಮತ್ತೆ ಬಂತು. ‘ಕುಮಟಾ’ ಎಂಬುದು 19ನೇ ಶತಮಾನದ ಹತ್ತಿ ಪೇಟೆಯಲ್ಲಿ ಒಂದು ತಳಿಯ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ ಕಡೆಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು, ಹತ್ತಿಗೆ ಬಂದರಿನ ಹೆಸರು ಅಂಟಿತು. ಘಟ್ಟದ ತಿರುವುಗಳಲ್ಲಿ ನಿಂತು ಮಂಜಿನ ಫೋಟೋ ತೆಗೆಯುವವರಿಗೆ ಒಂದು ಮಾತು: ಆ ದಾರಿಗಳನ್ನು ಹೊಸೆದದ್ದು ಬಂಡಿಯ ಚಕ್ರಗಳು.

ಹೊನ್ನಾವರ: ಮೂವತ್ತಾರು ಶಾಲೆಗಳು

ಸಂಜೆಯ ಬೆಳಕಿಗೆ ಶರಾವತಿಯ ಅಳಿವೆ ತಲುಪಿದೆವು. ಎರಡು ಕಿಲೋಮೀಟರ್‌ಗೂ ಉದ್ದದ ರೈಲು ಸೇತುವೆ, ಅದರ ಮೇಲೆ ಓಡುವ ಗಾಡಿ, ಕೆಳಗೆ ದೋಣಿ. ನಮ್ಮ ಜಿಲ್ಲೆಯ ಕ್ಯಾಲೆಂಡರುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಇಬ್ನ್ ಬತೂತಾ ಕಂಡದ್ದು ಬೇರೆಯೇ. ಈ ಪಟ್ಟಣದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಆತ ದಾಖಲಿಸಿದ. ಲೋಕ ಸುತ್ತಿದವನೊಬ್ಬ ನಮ್ಮ ಕಡಲೂರಿಗೆ ಬಂದು ಎಣಿಸಿದ್ದು ಶಾಲೆಗಳನ್ನು. ಅವನ ಬಳಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಅವನೂ ಸೂರ್ಯಾಸ್ತಕ್ಕೆ ತಿರುಗಿಸುತ್ತಿದ್ದನೋ ಏನೋ ಎಂದು ನಮ್ಮಲ್ಲೊಬ್ಬ ನಗೆಯಾಡಿದ.

ಆಚೆ ದಡದ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಬಂತು. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಡಲಾಮೆಗಳು ಮೊಟ್ಟೆಯಿಡುವ ಮರಳು ಅದು, ಒಣಮೀನು ಹರವುವ ಅಂಗಳವೂ ಅದೇ. ಹಾಸಿದ ಬಲೆಗಳ ಮೇಲೆ ಹಸಿಮೀನು ಒಣಗುವ ಫೋಟೋ ನಮ್ಮಲ್ಲಿ ಹತ್ತಾರಿವೆ, ಬಣ್ಣ ಚೆಂದ ಎಂದು ತೆಗೆದವು. ಈ ಸಲ ನಾವು ದಡದಿಂದ ಹಿಂದಕ್ಕೆ ನಡೆದು ಮನೆಗಳು, ರಸ್ತೆ, ಒಣಗಿಸುವ ಅಂಗಳ, ಅದರ ಉದ್ದಗಲ ಎಲ್ಲವೂ ಒಟ್ಟಿಗೆ ಕಾಣುವಂತೆ ತೆಗೆದೆವು. ಫೋಟೋ ಅಷ್ಟೇನೂ ಚೆಂದವಿಲ್ಲ. ಮುಂದೆ ಯಾರಾದರೂ ‘ಇಲ್ಲಿ ಏನಿತ್ತು?’ ಎಂದು ಕೇಳಿದರೆ ತೋರಿಸಲು ಇದೆ.

ಈಗ ನಾವು ಮಾಡುತ್ತಿರುವುದು

ಸುಂದರವಾದ ಫೋಟೋ ತಪ್ಪು ಎಂದು ನಾವು ಹೇಳುತ್ತಿಲ್ಲ. ಊರನ್ನು ಪ್ರೀತಿಸಲು ಕಲಿತದ್ದೇ ಆ ಫೋಟೋಗಳಿಂದ. ಆದರೆ ನಮ್ಮ ಕರಾವಳಿಯ ನೋಟಗಳೆಲ್ಲ ಕೆಲಸದಿಂದ, ವ್ಯಾಪಾರದಿಂದ, ಕೆಲವೊಮ್ಮೆ ಜನರನ್ನು ಎಬ್ಬಿಸಿ ಕಳಿಸಿದ್ದರಿಂದ ಆದವು. ಅದನ್ನು ಬಿಟ್ಟು ನೋಟವನ್ನಷ್ಟೇ ಉಳಿಸಿಕೊಂಡರೆ, ಗುಡ್ಡ ಬಿದ್ದ ದಿನ ನಮ್ಮ ಕೈಯಲ್ಲಿ ಹೊಳೆಯ ಮಂಜು ಮಾತ್ರ ಇರುತ್ತದೆ.

ಹಾಗಾಗಿ ಮೂರು ಸಣ್ಣ ರೂಢಿ ಮಾಡಿಕೊಂಡಿದ್ದೇವೆ. ಒಂದು, ಯಾವ ಜಾಗದಲ್ಲೇ ಆಗಲಿ ಮೊದಲ ಫೋಟೋ ತೆಗೆದ ಮೇಲೆ ಹಿಂದಕ್ಕೆ ತಿರುಗಿ ಇನ್ನೊಂದು ತೆಗೆಯುವುದು. ಎರಡು, ತಾರೀಕು, ಊರು, ನಿಂತ ಜಾಗವನ್ನು ಅವತ್ತೇ ಬರೆದಿಡುವುದು. ಮೂರು, ಫೋಟೋದಲ್ಲಿ ಮನುಷ್ಯರಿದ್ದರೆ ಕೇಳಿ, ಹೆಸರು ಪಡೆದು, ಅವರಿಗೊಂದು ಪ್ರತಿ ತಲುಪಿಸುವುದು.

ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಳೆಯ ಆಲ್ಬಂ ತೆರೆಯಿರಿ. ಮದುವೆ, ಉಪನಯನ, ಶಾಲೆಯ ಗ್ಯಾದರಿಂಗ್ ಪಟಗಳ ಮೂಲೆಗಳನ್ನು ನೋಡಿ. ತಾರಿ ದೋಣಿ, ಹಳೆಯ ಧಕ್ಕೆ, ಗಜನಿ, ಈಗಿಲ್ಲದ ಗುಡ್ಡ ಅಲ್ಲಿ ಇದ್ದೀತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಊರು, ವರ್ಷ, ನಿಂತವರ ಹೆಸರು ಬರೆಯಿರಿ. ಹೆಸರು ಗೊತ್ತಿರುವ ಅಜ್ಜಿ ಮನೆಯಲ್ಲಿದ್ದರೆ ಇವತ್ತೇ ಕೇಳಿ.

ವಾಪಸು ಬರುವಾಗ ಶಿರೂರಿನಲ್ಲಿ ಗಾಡಿ ನಿಲ್ಲಿಸಿದೆವು. ಕತ್ತಲಾಗುತ್ತಿತ್ತು. ಹೊಳೆಗೆ ಬೆನ್ನು ಹಾಕಿ ನಿಂತು, ಕುಸಿದ ಗುಡ್ಡದ ಕೆಂಪು ಗಾಯದ ಒಂದು ಫೋಟೋ ತೆಗೆದು ತಾರೀಕು ಬರೆದುಕೊಂಡೆವು.